ಗ್ರಂಥಾಲಯೋದ್ಧಾರಕರಿಗೊಂದು ಬಿನ್ನವತ್ತಳೆ

ಶ್ರೀಮನ್ಮಹಾ ಸುಣ್ಣಬಣ್ಣ ಚಕ್ರವರ್ತಿಗಳೇ, ಟೈಲ್ಸ್ ಕುಲತಿಲಕರೇ, ಶಂಕುಸ್ಥಾಪನಾ ಧುರಂಧರರೇ, ಒಂದೇ ಕಟ್ಟಡದ ಟೇಪನ್ನು ಮೂರು ಸಲ ಕತ್ತರಿಸಿದ ಕರ್ತರೀ ಸಾರ್ವಭೌಮರೇ, ವೇದಿಕೆಗೆ ಕುರ್ಚಿ ಸಾಲದೆ ಓದುಗರ ಕುರ್ಚಿಗಳನ್ನೇ ತರಿಸಿಕೊಂಡು ಆಸೀನರಾದ ಸಕಲ ಗಣ್ಯರೇ,

ರೋಣ, ನರಗುಂದ, ಗಜೇಂದ್ರಗಡ ಪಟ್ಟಣಗಳ ಓದುಗರ ಪರವಾಗಿ ತಮ್ಮ ಪಾದಾರವಿಂದಗಳಿಗೆ ಈ ಬಿನ್ನವತ್ತಳೆ. ಇದು ಯಾವ ಊರಿನ ಗ್ರಂಥಾಲಯದ ಮಾತೆಂದು ಹೇಳುವುದಿಲ್ಲ. ಮೂರೂ ಕಡೆಯವರು ತಮ್ಮದೇ ಎಂದುಕೊಂಡರೆ ಆ ಕೀರ್ತಿ ತಮಗೇ ಸಲ್ಲಬೇಕು.

ಮಾಳಿಗೆ ಸೋರಿದಾಗ ತಾವು ಮಾಳಿಗೆಗೆ ಕೈಹಚ್ಚದೆ ಅದರ ಕೆಳಗೆ ಪಿಒಪಿ ಸೀಲಿಂಗ್ ಹೊಡೆಸಿದಿರಿ. ಈಗ ನೀರು ಎಲ್ಲಿಂದ ಇಳಿಯುತ್ತದೆ ಎಂದು ಹುಡುಕುತ್ತ ಓದುಗರೆಲ್ಲ ಸಂಶೋಧಕರಾಗಿದ್ದಾರೆ. ವಿಸ್ತರಣೆಯೆಂದು ಮುಂದೊಂದು ಕಮಾನು ಎಬ್ಬಿಸಿದಿರಿ. ಒಳಗೆ ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗರು ಒಂದು ಕುರ್ಚಿಗೆ ಪಾಳಿ ಹಚ್ಚುತ್ತಾರೆ. ಶೌಚಾಲಯವಿಲ್ಲದೆ ಹುಡುಗಿಯರು ಮಧ್ಯಾಹ್ನಕ್ಕೇ ಮನೆಗೆ ಹೋಗುತ್ತಾರೆ. ಗ್ರಂಥಾಲಯ ಸದಾ ಬೆಳೆಯುತ್ತಿರಬೇಕೆಂದು ಎಸ್. ಆರ್. ರಂಗನಾಥನ್ 1931ರಲ್ಲೇ ತಮ್ಮ ಗ್ರಂಥಾಲಯ ವಿಜ್ಞಾನದ ಐದನೆಯ ಸೂತ್ರದಲ್ಲಿ ಹೇಳಿದ್ದರು. ತಮ್ಮ ಕೈಯಲ್ಲಿ ಬೆಳೆದದ್ದು ಶಿಲಾಫಲಕ. ರೋಣ ತಾಲೂಕಿನ ಹೊಳೆಆಲೂರಿನಲ್ಲಿ ಹುಟ್ಟಿದ ರಂ.ಶ್ರೀ. ಮುಗಳಿಯವರ ಸಾಹಿತ್ಯ ಚರಿತ್ರೆ ಕೇಳಿದರೆ ಪುಸ್ತಕದ ಗಂಟು ಇನ್ನೂ ಬಿಚ್ಚಿಲ್ಲವೆಂಬ ಉತ್ತರ. ಫಲಕ ಮಾತ್ರ ಯಾವಾಗಲೂ ಓದಲು ಲಭ್ಯ.

ಆ ಫಲಕದಲ್ಲಿ ‘ಉದಾರ ಅನುದಾನ’ ಎಂದು ಕೆತ್ತಿಸಿದ್ದೀರಿ. ಉದಾರಿಗಳು ಯಾರು, ಮಹಾಸ್ವಾಮಿ? ಮನೆಪಟ್ಟಿಯ ಪಾವತಿ ತೆಗೆದು ನೋಡಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ. ತೆರಿಗೆ 2,000 ರೂಪಾಯಿ ಇದ್ದರೆ 120 ರೂಪಾಯಿ ಪುಸ್ತಕದ ಪಾಲು. ಸ್ಥಳೀಯ ಸಂಸ್ಥೆ ಅದನ್ನು ವಸೂಲಿ ಮಾಡಿ ಗ್ರಂಥಾಲಯ ಪ್ರಾಧಿಕಾರಕ್ಕೆ ಕಟ್ಟಬೇಕು. ವಸೂಲಿ ತಪ್ಪುವುದಿಲ್ಲ, ಕಟ್ಟುವುದು ರಾಜ್ಯದ ಎಷ್ಟೋ ಕಡೆ ಬಾಕಿ. ನಮ್ಮ ರೊಕ್ಕ ನಮಗ ಕೊಡಾಕ ನಿಮಗ ಶಾಲು, ಹಾರ ಯಾಕ ಬೇಕ್ರಿ? ಅದನ್ನರ ಕೊಟ್ಟೀರೇನು?

ಕ್ಷಮೆಯಿರಲಿ, ವೇದಿಕೆಯ ಘನತೆ ಮರೆತೆ.

ಕಮಾನು ಕುಲಶೇಖರರೇ, ಇದು ಎಂಥ ನೆಲವೆಂದು ತಮಗೆ ತಿಳಿದಿರಲಿಕ್ಕಿಲ್ಲ. ತಿಳಿಯಲು ಗ್ರಂಥಾಲಯದ ಒಳಗೆ ಬರಬೇಕಾಗುತ್ತದೆ. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದು ಬೆಳಗಾವಿಯಲ್ಲಿ ಗಲ್ಲಿಗೇರಿದ ನರಗುಂದದ ಬಾಬಾಸಾಹೇಬ ಸಂಸ್ಕೃತದ ಸಾವಿರಾರು ಗ್ರಂಥಗಳನ್ನು ಕೂಡಿಟ್ಟಿದ್ದ ದೊರೆ. ಅದೇ ನರಗುಂದದಲ್ಲಿ 1980ರ ಜುಲೈ 21ರಂದು, ಮಲಪ್ರಭೆಯ ನೀರು ಸರಿಯಾಗಿ ಹರಿಯದಿದ್ದರೂ ಅಭಿವೃದ್ಧಿ ಕರ ಕಟ್ಟಿರೆಂದದ್ದಕ್ಕೆ ರೈತರು ಬೀದಿಗಿಳಿದರು; ಗೋಲಿಬಾರಾಯಿತು. 1983ರ ಚುನಾವಣೆಯಲ್ಲಿ ಆ ಕರ ಕೇಳಿದ ಸರ್ಕಾರವೇ ಹೋಯಿತು. ಆ ಕರಕ್ಕೆ ಒಂದು ಕಾಲುವೆಯಾದರೂ ಕಾಣುತ್ತಿತ್ತು. ಈ ಗ್ರಂಥಾಲಯ ಕರಕ್ಕೆ ಕಪಾಟೂ ಕಾಣುವುದಿಲ್ಲ.

ಇನ್ನೊಂದು ಮಾತು ತಡೆಯಲಾರೆ. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಹೋದವು. ಈಗ ಎಷ್ಟೋ ಹಳ್ಳಿಗಳ ಮಕ್ಕಳಿಗೆ ಉಚಿತ ಸದಸ್ಯತ್ವ, ಕಂಪ್ಯೂಟರ್ ಸಿಕ್ಕಿವೆ. ಪಟ್ಟಣಿಗರಾದ ನಮಗೆ ಕಮಾನಿನ ನೆರಳು ಸಿಕ್ಕಿದೆ.

ಆದಕಾರಣ ತಮಗೆ ‘ಫಲಕಭೂಷಣ’ ಬಿರುದನ್ನು ಅರ್ಪಿಸುತ್ತೇವೆ. ಹಾರದ ಬದಲು ಮಾಹಿತಿ ಹಕ್ಕಿನ ಒಂದು ಅರ್ಜಿ: ಐದು ವರ್ಷಗಳಲ್ಲಿ ವಸೂಲಾದ ಗ್ರಂಥಾಲಯ ಕರ ಎಷ್ಟು, ಪ್ರಾಧಿಕಾರಕ್ಕೆ ಕಟ್ಟಿದ್ದು ಎಷ್ಟು? 10 ರೂಪಾಯಿ ಶುಲ್ಕ ಲಗತ್ತಿಸಿದೆ. ಉತ್ತರಕ್ಕೆ 30 ದಿನ ಅವಕಾಶವಿದೆ. ಚಪ್ಪಾಳಿ ಆಮ್ಯಾಲ ಹೊಡ್ಯೂಣ್ರಿ.