ಒಂಬತ್ತು ಗಂಟೆಯ ಗ್ರಹಚಾರ

ನಮ್ಮ ಮನೆಯ ರಾಮಾಯಣ ಶುರುವಾಗಿದ್ದು ‘ಸಿಕ್ಕಾಪಟ್ಟೆ’ ಅನ್ನುವ ಒಂದೇ ಒಂದು ಪದದಿಂದ.

ಏಪ್ರಿಲ್ ತಿಂಗಳು. ಅಮ್ಮ ಮೈಸೂರಿನಿಂದ ನ್ಯೂಜೆರ್ಸಿಗೆ ಬಂದು ವಾರವಾಗಿತ್ತು. ರಾತ್ರಿ ಒಂಬತ್ತಕ್ಕೆ, ಅಂದರೆ ಮೈಸೂರಿನಲ್ಲಿ ಬೆಳಗಿನ ಆರೂವರೆಗೆ, ಕಮಲ ಚಿಕ್ಕಮ್ಮನ ಜೊತೆ ವಿಡಿಯೋ ಕಾಲ್. “ಅಲ್ಲಿ ಚಳಿ ಇದ್ಯಾ ಅಕ್ಕಾ?” ಅಂತ ಚಿಕ್ಕಮ್ಮ ಕೇಳಿದಳು. ಅಮ್ಮ “ಸಿಕ್ಕಾಪಟ್ಟೆ” ಅಂದಳು. ಆ ಮಾತು ನಮ್ಮ ಮನೆ ಹೊಸಿಲು ದಾಟದೆ ಎಲ್ಲೋ ಕೂತುಬಿಟ್ಟಿತು. ಉತ್ತರ ಬರಲಿಲ್ಲವಲ್ಲ ಅಂತ ಚಿಕ್ಕಮ್ಮ ಎರಡನೇ ಪ್ರಶ್ನೆ ಹಾಕಿದಳು: “ಸೊಸೆ ಜಗಳಗಿಗಳ ಆಡ್ತಾಳಾ?” ಸರಿಯಾಗಿ ಆ ಗಳಿಗೆಗೆ ಮೈಸೂರು ತಲುಪಿತು, ‘ಸಿಕ್ಕಾಪಟ್ಟೆ’.

“ಅಯ್ಯೋ, ನೋಡಿದ್ರೆ ಹಾಗೆ ಕಾಣಲ್ವಲ್ಲೇ!” ಎಂದು ಚಿಕ್ಕಮ್ಮ ಉದ್ಗರಿಸಿದಾಗ ನನ್ನ ಹೆಂಡತಿ ಲಟ್ಟಣಿಗೆ ಹಿಡಿದು ಅಮ್ಮನ ಹಿಂದೆಯೇ ನಿಂತಿದ್ದಳು.

ಅದೇ ಹೊತ್ತಿಗೆ ಮಹಡಿಯಿಂದ ಮಗನ ಆರ್ತನಾದ. “ಅಪ್ಪಾ, ಲ್ಯಾಗ್!” ಅವನ ಕನ್ನಡದಲ್ಲಿ ಸ್ವಚ್ಛವಾಗಿ ಬರುವ ವಾಕ್ಯ ಇದೊಂದೇ. ಆಟದಲ್ಲಿ ಗುಂಡು ಹಾರಿಸುವುದು ಇವನೇ ಮೊದಲು, ಸಾಯುವುದೂ ಇವನೇ ಮೊದಲು.

ನಾನು ಕಂಪ್ಯೂಟರ್ ಎಂಜಿನಿಯರ್. ಹಗಲೆಲ್ಲ ಯಾರದೋ ಬ್ಯಾಂಕಿನ ಸರ್ವರ್ ರಿಪೇರಿ ಮಾಡುತ್ತೇನೆ. ಮನೆಯ ಇಂಟರ್ನೆಟ್ ನೆಟ್ಟಗಿಲ್ಲ ಅಂದಾಗ ಹೆಂಡತಿ, “ಹಿತ್ತಲ ಗಿಡ ಮದ್ದಲ್ಲ ಅಂತಾರೆ. ನೀವು ಗಿಡವಾದ್ರೂ ಹೌದೇನ್ರೀ?” ಎಂದಳು. ತನಿಖೆಗೆ ಇಳಿಯದೆ ವಿಧಿಯಿರಲಿಲ್ಲ.

ಮೊದಲ ಆರೋಪಿ ಮೈಕ್ರೋವೇವ್. ಇದು ಸುಮ್ಮನೆ ಹೊರಿಸಿದ ಆಪಾದನೆಯಲ್ಲ. ಅದು ಅನ್ನ ಬಿಸಿ ಮಾಡುವುದು 2.45 ಗಿಗಾಹರ್ಟ್ಸ್ ಅಲೆಯಲ್ಲಿ. ಹಳೇ ಬಗೆಯ ವೈಫೈ ಓಡಾಡುವುದೂ 2.4ರ ಅದೇ ಓಣಿಯಲ್ಲಿ. ರಾತ್ರಿ ಒಂಬತ್ತಕ್ಕೆ ಅಮ್ಮ ಮಾತ್ರೆಗೆಂದು ಅದರಲ್ಲೇ ನೀರು ಬಿಸಿ ಮಾಡಿಕೊಳ್ಳುತ್ತಾಳೆ. ಮೈಕ್ರೋವೇವಿಗೆ ಬಹಿಷ್ಕಾರ ಹಾಕಿದೆ. “ಒಲೆಗೂ ಫೋನಿಗೂ ಏನೋ ಸಂಬಂಧ?” ಎಂದು ಅಮ್ಮ ಒಂದು ವಾರ ಗ್ಯಾಸಿನ ಮೇಲೆ ನೀರಿಟ್ಟಳು. ಮಗನ ಆಟದ ಪೆಟ್ಟಿಗೆಯನ್ನು 5 ಗಿಗಾಹರ್ಟ್ಸಿಗೆ ಬದಲಾಯಿಸಿದೆ. ಲ್ಯಾಗ್ ಅಲ್ಲಾಡಲಿಲ್ಲ.

ಆಮೇಲೆ ಪಿಂಗ್ ಹಿಡಿದುಕೊಂಡೆ. ಮೈಕ್ ಮ್ಯೂಸ್ ಎಂಬಾತ 1983ರ ಡಿಸೆಂಬರಿನಲ್ಲಿ, ಮೇರಿಲ್ಯಾಂಡಿನ ಸೇನಾ ಪ್ರಯೋಗಾಲಯದಲ್ಲಿ, ತನ್ನ ಕೈಗೂ ಹೀಗೇ ಒಂದು ಕಾಟದ ನೆಟ್‌ವರ್ಕ್ ಸಿಕ್ಕಾಗ ಬರೆದ ಪುಟ್ಟ ಪ್ರೋಗ್ರಾಂ ಅದು. ಬಾವಿಗೆ ಕಲ್ಲು ಹಾಕಿ ‘ಗುಳುಂ’ ಸದ್ದು ಎಷ್ಟು ಹೊತ್ತಿಗೆ ಬಂತು ಅಂತ ಎಣಿಸಿದ ಹಾಗೆ. ರೌಟರಿಗೆ ಕಲ್ಲು ಹಾಕಿದೆ: 2 ಮಿಲಿಸೆಕೆಂಡು. ಗೂಗಲ್ಲಿನ 8.8.8.8 ಅನ್ನುವ ವಿಳಾಸಕ್ಕೆ ಹಾಕಿದೆ: ಹಗಲಲ್ಲಿ 18. ರಾತ್ರಿ ಒಂಬತ್ತಾಗುತ್ತಿದ್ದಂತೆ 900, 1100, 1400. ಮೈಸೂರಿಗೆ ಸಮುದ್ರದಡಿಯ ಕೇಬಲ್ಲಿನಲ್ಲಿ ಹೋಗಿ ಬರುವುದಕ್ಕೂ ಸುಮಾರು ಕಾಲು ಸೆಕೆಂಡು ಸಾಕು. ನನ್ನ ಕಲ್ಲು ನಮ್ಮ ಊರು ಬಿಟ್ಟು ಹೊರಡುವುದಕ್ಕೇ ಸುಮಾರು ಒಂದೂವರೆ ಸೆಕೆಂಡು ಒದ್ದಾಡುತ್ತಿತ್ತು.

ವೈಫೈ ನಿರ್ದೋಷಿ ಅಂತಾಯಿತು. ಹಾಗಾದರೆ ಕಂಪನಿಯವರದೇ ತಪ್ಪು ಅಂದುಕೊಂಡು ಫೋನ್ ಮಾಡಿದೆ. ಮೋಡೆಮ್ ಆಫ್ ಮಾಡಿ ಆನ್ ಮಾಡಿ ಅಂದರು. ಮಾಡಿದೆ ಅಂದೆ. ಇನ್ನೊಮ್ಮೆ ಮಾಡಿ ಅಂದರು. ಕಡೆಗೆ ಒಬ್ಬ ಮನುಷ್ಯ ಬೆಳಗ್ಗೆ ಹನ್ನೊಂದಕ್ಕೆ ಬಂದು ಕೇಬಲ್ ಅಳೆದ. ಡಾಕ್ಟರ ಮುಂದೆ ಕೂತ ತಕ್ಷಣ ಹೊಟ್ಟೆನೋವು ಮಾಯವಾಗುವುದಿಲ್ಲವೇ, ಹಾಗೆ ಎಲ್ಲ ಸರಿಯಾಗಿತ್ತು. ಅಮ್ಮ ಕೊಟ್ಟ ಕೋಡುಬಳೆ ಕಡಿದು, ಕಾಫಿ ಕುಡಿದು, 300 ಎಂಬಿಪಿಎಸ್ ಬದಲು 500 ತಗೊಳ್ಳಿ ಅಂತ ಹೇಳಿ ಹೋದ. ತಗೊಂಡೆ. ಬಿಲ್ಲು ಏರಿತು. ಒಂಬತ್ತು ಗಂಟೆಗೆ ಚಿಕ್ಕಮ್ಮ ಬಾಯಿ ತೆರೆದುಕೊಂಡೇ ಶಿಲೆಯಾದಳು.

ಆಗ ಅಮ್ಮ ಪಂಚಾಂಗ ತಂದಳು.

ರಾಹುಕಾಲ ನೋಡುವುದಕ್ಕಿರಬೇಕು ಅಂದುಕೊಂಡೆ. ಅಲ್ಲ. ಮೈಸೂರಿನಲ್ಲಿ ಹಾಲಿನ ಲೆಕ್ಕ, ಸಿಲಿಂಡರಿನ ತಾರೀಖು ಎಲ್ಲ ಬರೆದಿಡುವ ಅಂಚಿನಲ್ಲೇ ಇಲ್ಲಿಯೂ ಮೂರು ವಾರದಿಂದ ಪೆನ್ಸಿಲಿನಲ್ಲಿ ಬರೆದಿದ್ದಳು. ‘ಸೋಮ. ಮಗ ಫೋನ್ ಚಾರ್ಜಿಗೆ ಹಾಕಿದ್ದು 8:50. ಕಮಲ ನಿಂತಿದ್ದು 9:00. ಮಂಗಳ. ಹಾಗೇ. ಬುಧ. ಮಗ ಆಫೀಸಿನಿಂದ ತಡ. ಕಮಲ ಚೆನ್ನಾಗಿ ಮಾತಾಡಿದಳು. ಗುರು. ಚಾರ್ಜು, ನಿಂತಳು.’

“ನಿನ್ನ ಫೋನಿಗೆ ಕರೆಂಟು ಕೊಟ್ರೆ ನನ್ನ ತಂಗಿಗೆ ಹೋಗತ್ತೆ ಕಣೋ” ಎಂದಳು.

ನಕ್ಕುಬಿಟ್ಟೆ. ನಕ್ಕವನು ಎದ್ದು ಹೋಗಿ ಚಾರ್ಜರ್ ಕಿತ್ತೆ. ಪಿಂಗ್ 18. ಮತ್ತೆ ಚುಚ್ಚಿದೆ. 1200.

ಆದದ್ದಿಷ್ಟು. ಇಲ್ಲಿನ ಕನ್ನಡ ಸಂಘದ ಯುಗಾದಿ ಬರುವುದು ಹಾಲ್ ಸಿಕ್ಕಿದ ಶನಿವಾರ. ಆ ಶನಿವಾರದ ನಾಟಕದಲ್ಲಿ ನಾನು ದ್ವಾರಪಾಲಕ, ಇದ್ದದ್ದು ಒಂದು ಮಾತು. ಅದನ್ನು ಹೆಂಡತಿ ನನ್ನ ಫೋನಿನಲ್ಲಿ 4ಕೆ ಗುಣಮಟ್ಟದಲ್ಲಿ ನಲವತ್ತು ನಿಮಿಷ ಹಿಡಿದಿದ್ದಳು. 16 ಜಿಬಿ. ಚಾರ್ಜರ್ ಚುಚ್ಚಿದಾಗಲೆಲ್ಲ ಫೋನು ಅದನ್ನು ಮೋಡಕ್ಕೆ ಏರಿಸಲು ಹೊರಡುತ್ತಿತ್ತು. ಕೇಬಲ್ ಕಂಪನಿಯ ಆ 300, 500 ಎಲ್ಲ ಇಳಿಕೆಯ ದಾರಿಗೆ. ಏರುವ ದಾರಿ ಎರಡಕ್ಕೂ ಬರೀ 10. ಅಷ್ಟರಲ್ಲಿ 16 ಜಿಬಿ ಏರಲು ಮೂರೂವರೆ ಗಂಟೆ ಬೇಕು. ನಾನೋ ಹನ್ನೊಂದಕ್ಕೆ ಫೋನ್ ಕಿತ್ತುಕೊಂಡು ಹಾಸಿಗೆಗೆ ಹೋಗುವವನು. ಮರುದಿನ ಮತ್ತೆ ಮೊದಲಿನಿಂದ.

ಮದುವೆ ಊಟ ನೆನಪಿಸಿಕೊಳ್ಳಿ. ಪಂಕ್ತಿಗೆ ಐನೂರು ಎಲೆ, ಕೈ ತೊಳೆಯಲು ಎರಡೇ ನಲ್ಲಿ. ನನ್ನ ದ್ವಾರಪಾಲಕ ತನ್ನ ಇಡೀ ದಿಬ್ಬಣದೊಂದಿಗೆ ನಲ್ಲಿಯ ಮುಂದೆ ನಿಂತಿದ್ದಾನೆ. ಅಮ್ಮನ ‘ಸಿಕ್ಕಾಪಟ್ಟೆ’ಗೆ ಬೇಕಾದದ್ದು ಬೆರಳು ಒದ್ದೆ ಮಾಡುವಷ್ಟು ನೀರು, ಆದರೂ ಸಾಲಿನ ಕೊನೆಗೆ ನಿಲ್ಲಬೇಕು. ಮೋಡೆಮ್ಮಿನದು ದೊಡ್ಡ ಮನಸ್ಸು, ಬಹಳ ಉದ್ದದ ಸಾಲನ್ನೂ ನಿಲ್ಲಿಸಿಕೊಳ್ಳುತ್ತದೆ, ಯಾರನ್ನೂ ಬೇಗ ವಾಪಸ್ ಕಳಿಸುವುದಿಲ್ಲ. ಈ ಕಾಯಿಲೆಗೆ ‘ಬಫರ್‌ಬ್ಲೋಟ್’ ಅಂತ ಹೆಸರು. ನನ್ನ ಮಟ್ಟಿಗೆ ಅದು ನಲ್ಲಿಸಾಲು. ಐನೂರರ ಬದಲು ಸಾವಿರ ಎಲೆ ಹಾಕಿಸಿದರೂ ವಾಸಿಯಾಗದು. ನಾನು ಹೆಚ್ಚಿಗೆ ಕಟ್ಟಿದ ಬಿಲ್ಲು ಆ ಎಲೆಗಳಿಗೆ.

ಮದ್ದು ರೌಟರಿನ ಒಳಗೇ ಇತ್ತು. ಎಸ್‌ಕ್ಯೂಎಂ ಅನ್ನುವ ಗುಂಡಿ. ಎಲ್ಲ ರೌಟರಿನಲ್ಲೂ ಇರುವುದಿಲ್ಲ, ನನ್ನದರಲ್ಲಿತ್ತು, ನಾಲ್ಕು ವರ್ಷದಿಂದ ಮುಟ್ಟಿರಲಿಲ್ಲ. ಏರಿಕೆಗೆ 9ರ ಮಿತಿ ಹಾಕಿ ಅದನ್ನು ಒತ್ತಿದೆ. ನಲ್ಲಿಯ ಪಕ್ಕ ಒಬ್ಬ ಸೋದರಮಾವನನ್ನು ನಿಲ್ಲಿಸಿದ ಹಾಗೆ. ‘ನಿಂದು ಬರೀ ಬೆರಳಾ? ಬಾ ಮುಂದೆ. ದಿಬ್ಬಣದವರು ಸ್ವಲ್ಪ ತಡೀರಪ್ಪ.’ ಪಿಂಗ್ 25 ದಾಟಲಿಲ್ಲ. ಮೈಕ್ರೋವೇವ್ ಮರಳಿ ಅಧಿಕಾರಕ್ಕೆ ಬಂತು. 500ರ ಪ್ಲಾನ್ ರದ್ದಾಯಿತು. ವಿಡಿಯೋ ಅಳಿಸಿಬಿಡಿ ಎಂದು ಹೆಂಡತಿ ಹೇಳಿದ್ದನ್ನು ಮಾತ್ರ ನಾನು ಕೇಳಿಸಿಕೊಳ್ಳಲಿಲ್ಲ. ಅದಕ್ಕೂ ಲ್ಯಾಗ್ ಕಾರಣ ಅಂತಲೇ ಇಟ್ಟುಕೊಳ್ಳಿ.

ನೀವು ಮೈಸೂರಿನ ಕಡೆಯವರಾಗಿದ್ದು, ನ್ಯೂಜೆರ್ಸಿಯ ಒಬ್ಬ ಸೊಸೆಯ ವಿಚಾರ ನಿಮ್ಮ ಕಿವಿಗೂ ಬಿದ್ದಿದ್ದರೆ ದಯವಿಟ್ಟು ನಂಬಬೇಡಿ. ಆ ‘ಸಿಕ್ಕಾಪಟ್ಟೆ’ ಚಳಿಗೆ ಹೇಳಿದ್ದು.