ಎಡಗಾಲಿಗೆ ಕೆಲಸವಿಲ್ಲ

ಬೂದಿಕೋಟೆ ಎಂದರೆ ಸ್ಕೂಲು ಹುಡುಗರೂ ಹೇಳುವುದು ಒಂದೇ ಮಾತು: ಹೈದರ್ ಅಲಿ ಹುಟ್ಟಿದ ಊರು. ಅದಾದ ಮೇಲೆ ಇಲ್ಲಿ ಅಂಥ ದೊಡ್ಡ ಸುದ್ದಿ ಏನೂ ಹುಟ್ಟಲಿಲ್ಲವೆಂದು ಊರವರೇ ಒಪ್ಪುತ್ತಾರೆ. ಹಾಗಾಗಿ ನಿವೃತ್ತ ಮೇಷ್ಟ್ರೊಬ್ಬರ ಮನೆ ಮುಂದೆ ಕ್ಲಚ್ ಇಲ್ಲದ ಕಾರೊಂದು ಬಂದು ನಿಂತದ್ದು ಸಂಜೆಯೊಳಗೆ ಕೋಟೆಯ ಆಚೆಗೂ ಹಬ್ಬಿತು. ವೈಟ್‌ಫೀಲ್ಡ್‌ನಲ್ಲಿ ಕೆಲಸಕ್ಕಿರುವ ಮಗ ಕೊಂಡ ಕಾರು. ಅದರ ಬೆನ್ನ ಮೇಲೆ ‘ಸಿವಿಟಿ’ (ಕಂಟಿನ್ಯುಯಸ್ಲಿ ವೇರಿಯಬಲ್ ಟ್ರಾನ್ಸ್‌ಮಿಷನ್) ಎಂಬ ಮೂರಕ್ಷರ.

ನೋಡಲು ಬಂದವರಲ್ಲಿ ಬಿಇಎಂಎಲ್‌ನಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದರು. ಕೆಜಿಎಫ್‌ನ ಆ ಕಾರ್ಖಾನೆ ಬುಲ್ಡೋಜರು, ಎಕ್ಸ್‌ಕವೇಟರು ಮಾಡುವ ಜಾಗ. ಅಲ್ಲಿ ಮೂವತ್ತು ವರ್ಷ ಹಲ್ಲಿನ ಚಕ್ರಗಳ ಜೊತೆ ಬದುಕಿದವರಿಗೆ ಹಲ್ಲೇ ಇಲ್ಲದ ಗಾಡಿಯ ಮೇಲೆ ನಂಬಿಕೆ ಬರುವುದು ಕಷ್ಟ.

“ಮೇಷ್ಟ್ರೇ, ಒಳಗೆ ಬರೀ ಬೆಲ್ಟಂತೆ. ಬೆಲ್ಟು ಕಿತ್ಕೊಂಡ್ರೆ?”

“ನಂಗೇನ್ ಗೊತ್ತು ಸ್ವಾಮಿ. ಮಗನ್ನ ಕೇಳಿ.”

ಮಗ ಫೋನಿನಲ್ಲಿ ಮೀಟಿಂಗಿನಲ್ಲಿದ್ದ.

ಈ ಸಂದೇಹದಲ್ಲಿ ಒಂದು ತಮಾಷೆಯಿದೆ. ಅದನ್ನು ಕೇಳಿದ ಹಿರಿಯರು ಬಂದದ್ದು ಆಕ್ಟಿವಾದಲ್ಲಿ. ಮನೆಗೆ ಹೋದದ್ದೂ ಅದರಲ್ಲೇ, ಮುಂದೆ ಕಾಲಿಡುವ ಜಾಗದಲ್ಲಿ ಬೂಸಾ ಮೂಟೆ ಇಟ್ಟುಕೊಂಡು. ಆಕ್ಟಿವಾದಲ್ಲಿ ಇರುವುದೂ ಸಿವಿಟಿಯೇ. ಕೋಲಾರ ಜಿಲ್ಲೆಯ ಹಾಲಿನ ಕ್ಯಾನು, ಟೊಮೆಟೊ ಕ್ರೇಟು, ಟ್ಯೂಷನ್ನಿಗೆ ಹೋಗುವ ಮಗಳು, ಹಿಂದೆ ಕೂತ ಅಜ್ಜಿ, ಎಲ್ಲರನ್ನೂ ಎಷ್ಟೋ ವರ್ಷದಿಂದ ಎಳೆಯುತ್ತಿರುವುದು ಆ ಬೆಲ್ಟೇ. ಅಷ್ಟೇ ಅಲ್ಲ, ಆಕ್ಟಿವಾ ತಯಾರಿಸುವ ಹೋಂಡಾ ಕಂಪನಿ 2013ರಲ್ಲಿ ತನ್ನ ದ್ವಿಚಕ್ರ ವಾಹನಗಳ ಮೂರನೆಯ ಕಾರ್ಖಾನೆ ತೆರೆದದ್ದು ಇದೇ ಜಿಲ್ಲೆಯ ನರಸಾಪುರದಲ್ಲಿ. ಬೆಂಗಳೂರು–ಕೋಲಾರ ಹೆದ್ದಾರಿಯಲ್ಲಿ ಓಡಾಡುವವರೆಲ್ಲ ಅದರ ಮುಂದೆಯೇ ಹಾದುಹೋಗುತ್ತಾರೆ. ಜಿಲ್ಲೆ ತಾನೇ ತಯಾರಿಸುವ ವಸ್ತುವಿನ ಬಗ್ಗೆ ಜಿಲ್ಲೆಗೇ ಅನುಮಾನ!

ಬಂಗಾರಪೇಟೆಯ ಮೆಕ್ಯಾನಿಕ್ ಒಬ್ಬ ಮೇಷ್ಟ್ರ ಗೊಂದಲವನ್ನು ಚಹಾದ ಅಂಗಡಿಯಲ್ಲೇ ಬಗೆಹರಿಸಿದ. ಎರಡು ಸಾಸರು ತೆಗೆದುಕೊಂಡು ಬೆನ್ನಿಗೆ ಬೆನ್ನು ತಾಗಿಸಿ ಹಿಡಿದ. ಅಂಚಿನಲ್ಲಿ ಸುತ್ತಲೂ ಒಂದು ಇಳಿಜಾರು ಸಂದು ಬಂತು. “ಇದೇ ಪುಲ್ಲಿ ಸಾರ್. ಈ ಸಂದಿನಲ್ಲಿ ಬೆಲ್ಟ್ ಕೂರುತ್ತೆ. ಸಾಸರು ದೂರ ಮಾಡಿದ್ರೆ ಬೆಲ್ಟ್ ಒಳಕ್ಕೆ ಇಳಿಯುತ್ತೆ, ಸಣ್ಣ ಚಕ್ರ. ಹತ್ತಿರ ತಂದ್ರೆ ಬೆಲ್ಟ್ ಅಂಚಿಗೆ ಏರುತ್ತೆ, ದೊಡ್ಡ ಚಕ್ರ. ಇಂಥವು ಎರಡು. ಒಂದು ಇಂಜಿನ್ ಕಡೆ, ಇನ್ನೊಂದು ಚಕ್ರದ ಕಡೆ. ಒಂದು ದೊಡ್ಡದಾದಾಗ ಇನ್ನೊಂದು ಸಣ್ಣದಾಗ್ಬೇಕು, ಯಾಕಂದ್ರೆ ಬೆಲ್ಟಿನ ಉದ್ದ ಬದಲಾಗಲ್ಲ.” ಅಂಗಡಿಯವನು ಸಾಸರು ಒಡೆದರೆ ದುಡ್ಡು ಯಾರು ಕೊಡುತ್ತಾರೆಂದು ಕೇಳಿದ್ದರಿಂದ ಪಾಠ ಅಲ್ಲಿಗೆ ನಿಂತಿತು.

ಉಳಿದದ್ದು ಗ್ಯಾರೇಜಿನಲ್ಲಿ ನಡೆಯಿತು. ಅವನು ಆಕ್ಟಿವಾದ ಎಡಗಡೆಯ ಕವರ್ ಬಿಚ್ಚಿ ತೋರಿಸಿದ: ಕಪ್ಪು ಧೂಳು ಮೆತ್ತಿದ ಒಂದು ಅಗಲ ರಬ್ಬರ್ ಬೆಲ್ಟು, ಮುಂದಿನ ಪುಲ್ಲಿಯ ಬೆನ್ನಿಗೆ ಆರು ಪುಟ್ಟ ರೋಲರುಗಳು. ಇಂಜಿನ್ ಜೋರಾಗಿ ತಿರುಗಿದಷ್ಟೂ ಈ ರೋಲರುಗಳು ಹೊರಕ್ಕೆ ಸಿಡಿಯಲು ನೋಡುತ್ತವೆ. ಸಿಡಿಯಲು ಜಾಗವಿಲ್ಲದ್ದರಿಂದ ಪುಲ್ಲಿಯ ಒಂದು ಭಾಗವನ್ನು ತಳ್ಳುತ್ತವೆ. ಬೆಲ್ಟು ಅಂಚಿಗೆ ಏರುತ್ತದೆ. ಹಿಂದಿನ ಪುಲ್ಲಿಯಲ್ಲಿ ಸ್ಪ್ರಿಂಗ್ ಸೋತು ಬೆಲ್ಟು ಒಳಕ್ಕೆ ಇಳಿಯುತ್ತದೆ. ಸವಾರನಿಗೆ ಇದಾವುದೂ ತಿಳಿಯುವುದಿಲ್ಲ. ಕಾರಿನಲ್ಲಿ ಈ ತಳ್ಳುವ ಕೆಲಸ ರೋಲರಿನದಲ್ಲ, ಆಯಿಲ್ ಒತ್ತಡದ್ದು. ಎಷ್ಟು ತಳ್ಳಬೇಕೆಂದು ಹೇಳುವುದು ಕಂಪ್ಯೂಟರು. ಬೆಲ್ಟೂ ರಬ್ಬರಿನದಲ್ಲ: ಉಕ್ಕಿನ ಪಟ್ಟಿಗಳಿಗೆ ಪೋಣಿಸಿದ ಸುಮಾರು 400 ಉಕ್ಕಿನ ಬಿಲ್ಲೆಗಳು. ಅದು ಎಳೆಯುವುದಕ್ಕಿಂತ ಹೆಚ್ಚಾಗಿ ತಳ್ಳುತ್ತದೆ, ಒಂದು ಬಿಲ್ಲೆ ಮುಂದಿನದನ್ನು ಒತ್ತುತ್ತಾ. “ಕಿತ್ಕೊಂಡ್ರೆ?” ಎಂದವರಿಗೆ ಇದನ್ನೊಮ್ಮೆ ಕೈಯಲ್ಲಿ ಹಿಡಿಸಬೇಕು.

ಇಷ್ಟೆಲ್ಲ ಯಾಕೆ ಬೇಕು? ಇಂಜಿನ್ ಎಂಬುದು ಮೂಡಿನ ಪ್ರಾಣಿ. ನಿಮಿಷಕ್ಕೆ ಇಂತಿಷ್ಟು ಸುತ್ತು ತಿರುಗುವಾಗ ಮಾತ್ರ ಅದು ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ರಸ್ತೆಗೆ ಆ ಮೂಡು ಗೊತ್ತಿಲ್ಲ. ಒಮ್ಮೆ ನಿಲ್ಲಿಸುತ್ತದೆ, ಒಮ್ಮೆ ಏರಿಸುತ್ತದೆ, ಒಮ್ಮೆ ಎಮ್ಮೆ ಅಡ್ಡ ಬಿಡುತ್ತದೆ. ಐದು ಗೇರಿನ ಗಾಡಿ ಐದೇ ರೀತಿಯಲ್ಲಿ ರಾಜಿ ಮಾಡಿಸಬಲ್ಲದು. ಸಿವಿಟಿಗೆ ಎರಡು ತುದಿಗಳ ನಡುವೆ ಎಲ್ಲಿ ಬೇಕಾದರೂ ನಿಲ್ಲುವ ಸ್ವಾತಂತ್ರ್ಯವಿದೆ. ಇಂಜಿನನ್ನು ಅದರ ಒಳ್ಳೆಯ ಮೂಡಿನಲ್ಲೇ ಇರಿಸಿ, ವೇಗದ ಹೊಂದಾಣಿಕೆಯನ್ನು ಪುಲ್ಲಿಗಳೇ ನೋಡಿಕೊಳ್ಳುತ್ತವೆ.

ಕಾರಿಗೆ ಇದನ್ನು ಯಶಸ್ವಿಯಾಗಿ ಅಂಟಿಸಿದವರು ಡಚ್ಚರು. 1958ರಲ್ಲಿ ಹೂಬ್ ವಾನ್ ಡೋರ್ನ್ ಎಂಬ ಲಾರಿ ತಯಾರಕ ‘ಡಾಫ್ 600’ ಎಂಬ ಪುಟ್ಟ ಕಾರಿಗೆ ರಬ್ಬರ್ ಬೆಲ್ಟಿನ ‘ವೇರಿಯೋಮ್ಯಾಟಿಕ್’ ಕೂರಿಸಿ ಪ್ರದರ್ಶನಕ್ಕಿಟ್ಟ. ಅದಕ್ಕೊಂದು ವಿಚಿತ್ರ ಗುಣವಿತ್ತು. ಬೆಲ್ಟಿಗೆ ಮುಂದೆ ಯಾವುದು, ಹಿಂದೆ ಯಾವುದು ಎಂಬ ಭೇದವೇ ಇಲ್ಲ. ಹಾಗಾಗಿ ಕಾರು ಮುಂದಕ್ಕೆ ಎಷ್ಟು ವೇಗದಲ್ಲಿ ಓಡುತ್ತಿತ್ತೋ ಹಿಂದಕ್ಕೂ ಅಷ್ಟೇ ವೇಗದಲ್ಲಿ ಓಡುತ್ತಿತ್ತು! ಮುಂದೆ ಡಚ್ಚರು ಹಳೆಯ ಡಾಫ್‌ಗಳನ್ನು ಕಟ್ಟಿಕೊಂಡು ರಿವರ್ಸ್ ಗೇರಿನ ರೇಸನ್ನೇ ನಡೆಸಿದರು. ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ರಿವರ್ಸ್ ತೆಗೆಯುವವರನ್ನು ಕಂಡವರಿಗೆ ಈ ಕಲ್ಪನೆಯೇ ಮೈ ನಡುಗಿಸುತ್ತದೆ.

ಉಕ್ಕಿನ ಬೆಲ್ಟಿನ ಕಾರು ರಸ್ತೆಗೆ ಬಂದದ್ದು ಸುಮಾರು ಮೂರು ದಶಕದ ನಂತರ, 1987ರ ಸುಬಾರು ಜಸ್ಟಿಯಲ್ಲಿ. ಇನ್ನು 1993ರಲ್ಲಿ ವಿಲಿಯಮ್ಸ್ ತಂಡ ಇದನ್ನು ಫಾರ್ಮುಲಾ ಒನ್ ಕಾರಿಗೇ ಹಾಕಿ ಡೇವಿಡ್ ಕೂಲ್ಟಾರ್ಡ್ ಕೈಯಲ್ಲಿ ಓಡಿಸಿ ನೋಡಿತು. ತಿರುವಿನಲ್ಲೂ ನೇರ ದಾರಿಯಲ್ಲೂ ಇಂಜಿನ್ನಿನದು ಒಂದೇ ಸಮನೆ ಕೂಗು. ಅದು ರೇಸಿಗೆ ಇಳಿಯುವ ಮೊದಲೇ 1994ರ ನಿಯಮಗಳು ಸಿವಿಟಿಯನ್ನು ನಿಷೇಧಿಸಿದವು. ಸಿವಿಟಿ ನಿಧಾನವೆಂದು ಮೂಗು ಮುರಿಯುವವರು ಈ ಕಥೆಯನ್ನು ಕೇಳಬೇಕು.

ನಮ್ಮ ಕಡೆ ಕತೆ ಸ್ಕೂಟರಿನಿಂದಲೇ ಶುರು. 1984ರ ಕೈನೆಟಿಕ್ ಹೋಂಡಾ ಗುಂಡಿ ಒತ್ತಿದರೆ ಸ್ಟಾರ್ಟ್ ಆಗುತ್ತಿತ್ತು, ಗೇರು ಕೇಳುತ್ತಿರಲಿಲ್ಲ. ಆಗಿನ ಗಂಡಸರು ಅದನ್ನು ‘ಲೇಡೀಸ್ ಗಾಡಿ’ ಎಂದರು. 2001ರಲ್ಲಿ ಆಕ್ಟಿವಾ ಬಂತು. ಈಗ ಅದೇ ಗಂಡಸರು ಮನೆಯ ಹೆಂಗಸರಿಂದ ಕೀ ಕೇಳಿ ಪಡೆಯುತ್ತಾರೆ. ಕಾರುಗಳಲ್ಲಿ ಹೋಂಡಾ ಸಿಟಿ ಮೊದಲ ಹೆಜ್ಜೆಯಿಟ್ಟಿತು. ಬಲೆನೊ, ಜಾಝ್, ಅಮೇಜ್‌ಗಳಿಂದಾಗಿ ಮಧ್ಯಮ ವರ್ಗಕ್ಕೂ ಅದು ಎಟಕಿತು. ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಇನೋವಾ ಹೈಕ್ರಾಸ್‌ನ ಹೈಬ್ರಿಡ್ ಮಾದರಿಯ ವಿವರಪಟ್ಟಿಯಲ್ಲೂ ‘ಇ-ಸಿವಿಟಿ’ ಎಂದಿದೆ. ಆದರೆ ಅದರಲ್ಲಿ ಬೆಲ್ಟೇ ಇಲ್ಲ. ಹಲ್ಲಿನ ಚಕ್ರಗಳ ಒಂದು ಗುಂಪು ಪೆಟ್ರೋಲ್ ಇಂಜಿನ್ನನ್ನೂ ವಿದ್ಯುತ್ ಮೋಟಾರುಗಳನ್ನೂ ಬೆರೆಸುತ್ತದೆ. ಬಿಇಎಂಎಲ್ ಹಿರಿಯರಿಗೆ ಇದನ್ನು ಹೇಳಿದಾಗ ಮುಖ ಅರಳಿತು. “ಹಲ್ಲಿದೆ ಅಂದ್ರಲ್ಲ, ಸರಿ.”

ಮೇಷ್ಟ್ರ ಮೊದಲ ಸವಾರಿಯ ವಿಷಯಕ್ಕೆ ಬರೋಣ. ಅಂಬಾಸಿಡರಿನ ಕಾಲದಿಂದ ಕ್ಲಚ್ ತುಳಿದ ಎಡಗಾಲು ಅವರದು. ಬೂದಿಕೋಟೆ ದಾರಿಯಲ್ಲಿ ಕುರಿಮಂದೆ ಅಡ್ಡ ಬಂತು. ಎಡಗಾಲು ಅಭ್ಯಾಸಬಲದಿಂದ ಕ್ಲಚ್ ಹುಡುಕಿ, ಸಿಕ್ಕಿದ್ದನ್ನು ತುಳಿಯಿತು. ಸಿಕ್ಕಿದ್ದು ಬ್ರೇಕು. ಮೇಷ್ಟ್ರ ಹೆಂಡತಿ ಮಡಿಲಲ್ಲಿಟ್ಟಿದ್ದ ಬಂಗಾರಪೇಟೆ ಪಾನಿಪುರಿಯ ಪೊಟ್ಟಣ ಡ್ಯಾಶ್‌ಬೋರ್ಡಿಗೆ ಅಭಿಷೇಕವಾಯಿತು. ಅಲ್ಲಿನ ಪಾನಿ ನೀರಿನಷ್ಟು ತಿಳಿಯಾಗಿರುತ್ತದೆ, ಕಲೆ ಉಳಿಯಲಿಲ್ಲ. ಮಾತು ಮಾತ್ರ ಉಳಿಯಿತು. “ಆ ಕಾಲನ್ನ ಮಡಚಿ ಇಟ್ಕೊಳ್ಳಿ ಅಂದ್ರೆ,” ಎಂದು ಆಕೆ ಈಗಲೂ ಕಾರು ಹತ್ತುವ ಮೊದಲು ಹೇಳುತ್ತಾರೆ.

ಎರಡನೆಯ ತಕರಾರು ಶಬ್ದದ್ದು. ಟ್ರ್ಯಾಕ್ಟರ್ ಹಿಂದಿಕ್ಕಲು ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಮೊದಲು ಕೂಗು, ಆಮೇಲೆ ಓಟ. ಇದಕ್ಕೆ ವಾಹನ ಪತ್ರಕರ್ತರು ಇಟ್ಟ ಹೆಸರು ‘ರಬ್ಬರ್‌ಬ್ಯಾಂಡ್ ಎಫೆಕ್ಟ್’. ಜನರ ಗೊಣಗಾಟ ತಾಳಲಾರದೆ ಕೆಲವು ಕಂಪನಿಗಳು ಕಂಪ್ಯೂಟರಿನಲ್ಲಿ ಏಳು ನಕಲಿ ಗೇರು ಸೃಷ್ಟಿಸಿ, ಪುಲ್ಲಿಗಳು ಏಳೇ ಜಾಗದಲ್ಲಿ ನಿಲ್ಲುವಂತೆ ಮಾಡಿದವು. ಗೇರು ತೆಗೆಯಲು ದಶಕಗಟ್ಟಲೆ ತಲೆ ಕೆಡಿಸಿಕೊಂಡ ಇಂಜಿನಿಯರುಗಳು, ತೆಗೆದ ಮೇಲೆ ಇರುವಂತೆ ನಟಿಸಲು ಇನ್ನಷ್ಟು ತಲೆ ಕೆಡಿಸಿಕೊಂಡರು. ಗಿರಾಕಿ ದೇವರು ಎಂದ ಮೇಲೆ ಇಂಥ ಹರಕೆಯನ್ನೂ ತೀರಿಸಬೇಕಲ್ಲ!

ಅಂದಹಾಗೆ, ಆಟೋಮ್ಯಾಟಿಕ್ ಎಂದದ್ದೆಲ್ಲ ಸಿವಿಟಿಯಲ್ಲ. 2014ರ ಸೆಲೆರಿಯೊದಿಂದ ಜನಪ್ರಿಯವಾದ ಎಎಂಟಿ ಹಳೆಯ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರು ಹಾಕುವ ಕೆಲಸವನ್ನು ಯಂತ್ರ ಮಾಡುತ್ತದೆ, ಅಷ್ಟೆ. ಬೆಲೆ ಕಡಿಮೆ. ಆದರೆ ಗೇರು ಬಿದ್ದಾಗಲೆಲ್ಲ ಒಳಗೆ ಕೂತವರ ತಲೆ ಒಮ್ಮೆ ಹೂಂ ಎಂದು ಆಡುತ್ತದೆ. ಸಿವಿಟಿಯಲ್ಲಿ ತಲೆಗೆ ಆ ಕೆಲಸವೂ ಇಲ್ಲ.

ವೈಟ್‌ಫೀಲ್ಡ್‌ನ ಮಗನಿಗೆ ಸಿವಿಟಿಯ ಬೆಲೆ ಗೊತ್ತಿರುವುದು ಕೆ.ಆರ್. ಪುರದ ತೂಗುಸೇತುವೆಯ ಕೆಳಗೆ. ಹಾಫ್ ಕ್ಲಚ್ಚಿನಲ್ಲಿ ಮೊಣಕಾಲು ಸವೆಸುವುದು ತಪ್ಪಿದೆ. ಕಾರು ತೆವಳುತ್ತಾ, ನಿಲ್ಲುತ್ತಾ ನಯವಾಗಿ ಸಾಗುತ್ತದೆ. ಮೈಲೇಜು ಹಳೆಯ ಕಾಲದ ನಾಲ್ಕು ಗೇರಿನ ಆಟೋಮ್ಯಾಟಿಕ್‌ಗಳಂತೆ ಜೇಬು ಕತ್ತರಿಸುವುದಿಲ್ಲ. ಮಾವಿನ ಕಾಯಿ ತುಂಬಿದ ಟ್ರೇಲರ್ ಕಟ್ಟಿ ಎಳೆಸುವವರಿಗೆ ಮಾತ್ರ ಇದು ಹೇಳಿ ಮಾಡಿಸಿದ್ದಲ್ಲ. ಬೆಲ್ಟು ಪುಲ್ಲಿಯನ್ನು ಹಿಡಿದಿರುವುದು ಘರ್ಷಣೆಯಿಂದ. ಭಾರ ಮೀರಿ ಜಾರಿದರೆ ಬಿಸಿಯೇರುತ್ತದೆ, ಎರಡೂ ಸವೆಯುತ್ತವೆ. ರಿಪೇರಿ ಎಂದರೆ ಬಹುಮಟ್ಟಿಗೆ ಪೂರ್ತಿ ಪೆಟ್ಟಿಗೆಯನ್ನೇ ಬದಲಿಸುವ ಖರ್ಚು.

ಆದ್ದರಿಂದ ಸೆಕೆಂಡ್ ಹ್ಯಾಂಡ್ ಸಿವಿಟಿ ಕಾರು ನೋಡಲು ಹೊರಟವರು ಸೀಟಿನ ಕವರ್ ಸವರಿ ನೋಡುವುದು ಬಿಟ್ಟು, ಸರ್ವಿಸ್ ಪುಸ್ತಕ ಕೇಳಿ. ಸಿವಿಟಿಗೆಂದೇ ಇರುವ ಆಯಿಲನ್ನು ಕಂಪನಿ ಹೇಳಿದ ಅವಧಿಗೆ ಬದಲಿಸಿದ್ದಾರೆಯೇ, ನೋಡಿ. ಬೆಟ್ಟ ಇಳಿಯುವಾಗ ಡಿ ಬಿಟ್ಟು ಎಲ್ ಅಥವಾ ಎಸ್‌ಗೆ ಹಾಕಿ, ಬ್ರೇಕು ಉಳಿಯುತ್ತದೆ. ಎಡಗಾಲನ್ನು ಮಡಚಿಡಿ.