ಮಲಗಿದ ಬುದ್ಧ

ಶಿರವಾಳ ಬಸ್‌ಸ್ಟ್ಯಾಂಡಿನ ಚಾದಂಗಡಿ. ಏಳು ವರ್ಷದ ಮಗನನ್ನು ಸೊಂಟದ ಮೇಲೆ ಹೊತ್ತು ಅವ್ವ ನಿಂತಿದ್ದಾಳೆ. ಅವನ ಕಾಲೆರಡೂ ಕತ್ತರಿಯಂತೆ ಬಿಗಿದಿವೆ. (ಅಂಗಡಿಯ ಕಾಕಾನಿಗೆ ವಕ್ರಬುದ್ಧಿ ಇಲ್ಲ. ಎಲ್ಲ ನೆಟ್ಟಗೇ ಕೇಳುತ್ತಾನೆ, ಅದೇ ತೊಂದರೆ.)

ಕಾಕಾ: ಎಲ್ಲಿಗಿ ಹೊಂಟೀಯವ್ವಾ?

ಅವ್ವ: ಶಹಾಪುರಕ್ಕ ಕಾಕಾ. ಇವಂಗ ನಡೀಲಾಕ ಬರಲ್ಲಂತ ಕಾಗದ ತರಲಾಕ.

ಕಾಕಾ: ಹೋದ ವಾರನೂ ಹೋಗಿದ್ದೆಲ್ಲ?

ಅವ್ವ: ನಡೀಲಾಕ ಬರಲ್ಲಂದ್ರ ಅಷ್ಟರೆ ಓಡಾಡಬೇಕಲ್ಲ.

ಕಾಕಾ: ಡಾಕ್ಟರು ನೋಡಿದ್ರೇನು?

ಅವ್ವ: ಮಾಡಿ ಮ್ಯಾಲ ಕುಂತಾರ. ಹತ್ತಿ ಬಂದ್ರ ನೋಡ್ತಾರಂತ.

ಕಾಕಾ: ಗಾಲಿಕುರ್ಚಿಗಿ ಇಳಿಜಾರು ಕಟ್ಟ್ಯಾರಲ್ಲ?

ಅವ್ವ: ಕಟ್ಟ್ಯಾರ. ಸಾಹೇಬರ ಬೈಕ್ ಆರಾಮ ನಿಂದರತದ.

ಕಾಕಾ: ಕಾಗದಕ್ಕ ಊನ ಎಷ್ಟು ಇರಬೇಕಂತ?

ಅವ್ವ: ಕಡಿಮಿ ಅಂದ್ರ 40 ಪರ್ಸೆಂಟ್.

ಕಾಕಾ: ಅಯ್ಯ, ಅದು ಗುತ್ತಿಗೆದಾರರ ಕಮಿಷನ್ ಲೆಕ್ಕ ಅಲ್ಲೇನು?

ಅವ್ವ: ಅವ್ರು ಕೊಡೂದು ಕಾಕಾ, ಇವ ತೋರಿಸೂದು.

ಕಾಕಾ: ಹೆಬ್ಬೆಟ್ಟು ಒತ್ತಿದನೇನು?

ಅವ್ವ: ಮುಷ್ಟಿ ಬಿಚ್ಚಲಿಲ್ಲ. ‘ಕೈ ಬಿಚ್ಚದಿದ್ರ ಕೆಲಸ ಆಗಲ್ಲ’ ಅಂದ್ರು. ಯಾರ ಕೈ ಅಂತ ಹೇಳಲಿಲ್ಲ.

ಕಾಕಾ: 2016ರಾಗ ಕಾಯ್ದಾ ಬಂದದಂತಲ್ಲ, 21 ನಮೂನಿ ಅಂಗವಿಕಲರಿಗಿ?

ಅವ್ವ: ಸೆರೆಬ್ರಲ್ ಪಾಲ್ಸಿನೂ ಅದರಾಗ ಅದ. ಕಾಯ್ದಾ ಅವರದು, ಕಾಯೂದು ನಮ್ದು.

ಕಾಕಾ ಬಿಸ್ಕೀಟು ಚಾದಲ್ಲಿ ಅದ್ದಿ ಕೊಟ್ಟ. ಅವ್ವ ಮಗನ ಗದ್ದಕ್ಕೆ ಬೆರಳು ಆನಿಸಿ, ತುತ್ತು ಇಳಿಯುವವರೆಗೆ ಕಾದಳು. ಇನ್ನೊಂದು ತುತ್ತು. ಮತ್ತೆ ಕಾದಳು.

ಕಾಕಾ: ಶಹಾಪುರ ಗುಡ್ಡದಾಗ ಬುದ್ಧ ಮಲಗ್ಯಾನ. ನೋಡಲಾಕ ಊರೂರಿಂದ ಬರ್ತಾರ ನೋಡು.

ಅವ್ವ: ಅವಂಗ ಯಾರೂ ‘ಖುದ್ದು ಹಾಜರಾಗು’ ಅನ್ನಲ್ಲ ಕಾಕಾ.

ಬಸ್ ಬಂತು. ಮೆಟ್ಟಿಲು ಮೂರು.